ಆತಗೂರಿನ ಕಲ್ಲು ಮತ್ತು ಚರ್ಚಿನ ಹಳೆಯ ದಫ್ತರ

ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಒಂದು ನಾಯಿಯ ಸ್ಮಾರಕವಿತ್ತು. ‘ಇತ್ತು’ ಎಂದೇ ಹೇಳಬೇಕಾಗಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಕಾಲದ ಈ ಕನ್ನಡ ಶಾಸನವು ಹೇಳುವ ಕಥೆ ಸರಳವಾದುದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಬಂಟನಾದ ಮಣಲೆರನು ತೋರಿದ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳಿಕೋ ಎಂದಾಗ, ಮಣಲೆರನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಸೆಣಸಿತು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಮಣಲೆರನು ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟುಕೊಟ್ಟನು. ಈ ಕಲ್ಲನ್ನು ಪೂಜಿಸದೆ ಊಟ ಮಾಡುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ನಾಯಿ ಮತ್ತು ಹಂದಿಯ ಕಾಳಗವನ್ನು ಕಲ್ಲಿನ ಮೇಲೆಯೇ ಕೆತ್ತಲಾಗಿದೆ.

ತಕ್ಕೋಲವಿರುವುದು ದೂರದ ತಮಿಳುನಾಡಿನಲ್ಲಿ. ಎರಡು ಮಹಾರಾಜ್ಯಗಳ ಹಣೆಬರಹವನ್ನು ಬದಲಿಸಿದ ಆ ಯುದ್ಧದ ವಿಷಯವನ್ನು ಬರೆಯುವ ಯಾವ ಇತಿಹಾಸಕಾರನೂ ನಮ್ಮ ಮದ್ದೂರು ಸೀಮೆಯ ಈ ನಾಯಿಗಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಕಲ್ಲು ತಾನಾಗಿಯೇ ಮಾತನಾಡಲಿಲ್ಲ. ಯಾರೋ ಒಬ್ಬರು ಅದರೆದುರು ಕುಳಿತು, ಧೂಳು ಒರೆಸಿ, ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಲೇಪಿಸಿ ಪಡಿಯಚ್ಚು ತೆಗೆದರು; ಮತ್ತೊಬ್ಬರು ಓದಿದರು; ಇನ್ನೊಬ್ಬರು ಅಚ್ಚು ಮಾಡಿಸಿದರು. ಬೆಂಜಮಿನ್ ಲೂಯಿ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟವು 1894ರಲ್ಲಿ ಪ್ರಕಟವಾದಾಗ ಈ ಶಾಸನವು ಮಂಡ್ಯ ತಾಲ್ಲೂಕಿನ 41ನೆಯ ಸಂಖ್ಯೆಯಾಗಿ ಸೇರಿತು. ಆಗ ಇವೆಲ್ಲವೂ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ರೈಸ್ ಅವರು ಬೆಂಗಳೂರಿನಲ್ಲಿಯೇ 1837ರಲ್ಲಿ ಜನಿಸಿದವರು, ಲಂಡನ್ ಮಿಷನ್ನಿನ ಪ್ರಾಟೆಸ್ಟಂಟ್ ಬೋಧಕರೊಬ್ಬರ ಮಗ. ತರುವಾಯ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಸಂಪುಟಗಳನ್ನು ಪರಿಷ್ಕರಿಸಿ ಹೊರತಂದಾಗ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಏಳನೆಯ ಸಂಪುಟದಲ್ಲಿ ಬಂದವು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸಾತಕರ್ಣಿಯ ಕಾಲದ ಪ್ರಸಿದ್ಧ ಪ್ರಾಕೃತ ಶಾಸನವುಳ್ಳ ‘ಮಳವಳ್ಳಿ’ ನಮ್ಮ ಮಳವಳ್ಳಿಯೆಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಅದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿ. ಊರಿನ ಅಭಿಮಾನ ಒಳ್ಳೆಯದೇ. ಆದರೆ ಸಂಪುಟವನ್ನು ತೆರೆದು ನೋಡಿ ಅಭಿಮಾನಪಟ್ಟರೆ ಇನ್ನೂ ಒಳ್ಳೆಯದು. ನಮ್ಮ ಮಳವಳ್ಳಿಗೆ ಮಾರೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವಿದೆ, ಶಿವನಸಮುದ್ರವಿದೆ. ಸಾಲ ತರಬೇಕಾದ ಅಗತ್ಯವಿಲ್ಲ.

ಕಥೋಲಿಕ ಕುಟುಂಬಗಳಿಗೆ ಕಲ್ಲು ಶಾಸನಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಡೇಲಿ ಸ್ಮಾರಕ ಭವನವೆಂಬ ಕಟ್ಟಡವಿದೆ. ಮಿಥಿಕ್ ಸೊಸೈಟಿ ಎಂಬ ಸಂಶೋಧನ ಸಂಸ್ಥೆಯ ಮನೆ ಅದು. 1909ರಲ್ಲಿ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದವರು ಫ್ರಾನ್ಸಿನಿಂದ ಬಂದ ನಮ್ಮ ಗುರುಗಳೊಬ್ಬರು: ವಂದನೀಯ ಆಂಥೋನಿ ಮರಿ ತಬಾರ್ ಸ್ವಾಮಿಗಳು. ಅಂದಿನ ಅಧಿಕಾರಿಯಾಗಿದ್ದ ಎಫ್. ಜೆ. ರಿಚರ್ಡ್ಸ್ ಅವರೊಡಗೂಡಿ ಈ ಕಾರ್ಯಕ್ಕೆ ಕೈಹಾಕಿದ ತಬಾರ್ ಸ್ವಾಮಿಗಳು ಬಹುಕಾಲ ಅದರ ಅಧ್ಯಕ್ಷರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಪೋಷಕರಾದರು. ದೇವಾಲಯದ ಗುರುವೊಬ್ಬರು ಅಧ್ಯಕ್ಷರಾಗಿದ್ದ ಸಭೆಯಲ್ಲಿ ವೈದಿಕ ವಿದ್ವಾಂಸರು, ಆಂಗ್ಲ ಅಧಿಕಾರಿಗಳು, ಕಾಲೇಜಿನ ಉಪಾಧ್ಯಾಯರು ಒಂದೇ ಮೇಜಿನ ಸುತ್ತ ಕುಳಿತು ಶಾಸನ, ಪುರಾಣ, ನಾಣ್ಯಗಳ ವಿಚಾರ ಚರ್ಚಿಸಿದರು. ಅಂದು ಆರಂಭವಾದ ತ್ರೈಮಾಸಿಕ ಪತ್ರಿಕೆ ನೂರು ವರ್ಷಗಳನ್ನು ದಾಟಿ ನಡೆದುಬಂದಿದೆ. ಅದೇ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯಂತ್ರದಿಂದ ದಾಖಲು ಮಾಡುತ್ತ ಬಂದಿತು. ಸವೆದುಹೋಗಿ ಕಣ್ಣಿಗೆ ಕಾಣದ ಅಕ್ಷರಗಳೂ ಆ ವಿಧಾನದಲ್ಲಿ ಓದಲು ಸಿಕ್ಕಿವೆ.

ಮುಂಬಯಿಯಲ್ಲಿ ಯೇಸುಸಭೆಯ ಹೆನ್ರಿ ಹೆರಾಸ್ ಸ್ವಾಮಿಗಳು ಸಂತ ಕ್ಸೇವಿಯರ್ ಕಾಲೇಜಿನಲ್ಲಿ 1926ರಲ್ಲಿ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಆರಂಭಿಸಿದ್ದೂ ಇದೇ ಕಾಲದಲ್ಲಿ. ಸ್ಪೇನಿನವರಾದ ಅವರು ವಿಜಯನಗರದ ಅರವೀಡು ವಂಶದ ಮೇಲೆ ಬರೆದ ಗ್ರಂಥವು 1927ರಲ್ಲಿ ಬಂದಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು ಆ ವಂಶದ ಪ್ರತಿನಿಧಿಯ ಕೈಯಿಂದಲೇ.

ಇಷ್ಟನ್ನೆಲ್ಲ ಹೆಮ್ಮೆಯಿಂದ ಹೇಳಿಕೊಂಡ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಊರಿನ ಕಲ್ಲುಗಳನ್ನು ಓದಲು ನೆರವಾದ ಸಮಾಜವು ತನ್ನ ಸ್ವಂತ ಕಾಗದಗಳನ್ನು ಹೇಗೆ ಇಟ್ಟುಕೊಂಡಿದೆ?

ಮೈಸೂರು ಸೀಮೆಯಲ್ಲಿ ನಮ್ಮ ಧರ್ಮಸಭೆಯ ಚರಿತ್ರೆ ಹದಿನೇಳನೆಯ ಶತಮಾನದ ನಡುಭಾಗಕ್ಕೆ ಹೋಗುತ್ತದೆ. ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಬರೆದರು. ಅವರೂ ಅವರ ತರುವಾಯದವರೂ ತಮ್ಮ ಮೇಲಿನವರಿಗೆ ಕಳುಹಿಸಿದ ವಾರ್ಷಿಕ ಪತ್ರಗಳು ರೋಮ್ ನಗರದ ಯೇಸುಸಭೆಯ ಪತ್ರಾಗಾರದಲ್ಲಿವೆ. ಅಂತಹ ಪತ್ರಗಳನ್ನು ಆಧರಿಸಿ ಫೆರೋಲಿ ಸ್ವಾಮಿಗಳು ಮೈಸೂರಿನ ಯೇಸುಸಭೆಯವರ ಚರಿತ್ರೆಯನ್ನು ಆಂಗ್ಲ ಭಾಷೆಯಲ್ಲಿ ಬರೆದರು. ನಮ್ಮ ಹೊಲಗದ್ದೆಗಳ ನಡುವೆ ನಡೆದುದನ್ನು ತಿಳಿಯಲು ರೋಮಿನ ದಾರಿ ಹಿಡಿಯಬೇಕಾಯಿತು. ಆದರೂ ತಿಳಿಯಿತಲ್ಲ! ಪತ್ರ ಬರೆದವರಿಗಿಂತ ಅವನ್ನು ಎಸೆಯದೆ ಇಟ್ಟವರಿಗೆ ನಾನು ಹೆಚ್ಚು ಋಣಿ.

ಅಬ್ಬೆ ದ್ಯುಬ್ವಾ ಸ್ವಾಮಿಗಳ ವಿಷಯ ಇನ್ನೂ ಕುತೂಹಲಕರ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಚದುರಿಹೋದ ಕ್ರೈಸ್ತರನ್ನು ಒಂದುಗೂಡಿಸಲು ಮೈಸೂರು ಸೀಮೆಗೆ ಬಂದವರು ಅವರು. ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಕೊಂಡೊಯ್ದವರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಮದರಾಸಿನ ಸರ್ಕಾರವು ಎರಡು ಸಾವಿರ ವರಹಗಳಿಗೆ ಕೊಂಡಿತು. ಅದರ ಆಂಗ್ಲ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದೂವರೆ ಶತಮಾನ ಕಾಲ ಲೋಕವೆಲ್ಲ ಅದನ್ನು ದ್ಯುಬ್ವಾ ಅವರು ಕಣ್ಣಾರೆ ಕಂಡು ಬರೆದ ಗ್ರಂಥವೆಂದು ನಂಬಿತು. ಬಳಿಕ ಫ್ರಾನ್ಸಿನ ವಿದುಷಿ ಸಿಲ್ವಿಯಾ ಮೂರ್ ಅವರು ಹಳೆಯ ಹಸ್ತಪ್ರತಿಗಳನ್ನು ತಾಳೆನೋಡಿ, ಗ್ರಂಥದ ಬಹುಭಾಗವು ಪುದುಚೇರಿಯ ಯೇಸುಸಭೆಯ ಕೂರ್ದು ಸ್ವಾಮಿಗಳ ಬರಹದಿಂದ ಬಂದುದೆಂದು ತೋರಿಸಿದರು. ಅವರ ಗ್ರಂಥ 1987ರಲ್ಲಿ ಪ್ರಕಟವಾಯಿತು. ದ್ಯುಬ್ವಾ ಅವರ ಸೇವೆಯನ್ನು ಇದು ಅಳಿಸುವುದಿಲ್ಲ. ಆದರೆ ಕೂರ್ದು ಸ್ವಾಮಿಗಳಿಗೆ ಸಲ್ಲಬೇಕಾದ ನ್ಯಾಯವು ಇನ್ನೂರು ವರ್ಷ ತಡವಾಗಿಯಾದರೂ ಸಂದಿತು. ಕಪಾಟಿನಲ್ಲಿ ಯಾರೂ ಕೇಳದ ಒಂದು ಕಾಗದದ ಕಟ್ಟು ಉಳಿದಿದ್ದುದರಿಂದ ಸಾಧ್ಯವಾದ ನ್ಯಾಯವಿದು.

ಇನ್ನು ನಮ್ಮ ಕೈಯಲ್ಲಿಯೇ ಇರುವ ಸಂಗ್ರಹಕ್ಕೆ ಬರೋಣ. ಅದು ಪ್ರತಿಯೊಂದು ಧರ್ಮಕೇಂದ್ರದ ದಫ್ತರ. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿಯು ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಇಡಬೇಕೆಂದೂ, ಪ್ರತಿ ಧರ್ಮಕೇಂದ್ರದಲ್ಲಿ ಪತ್ರಾಗಾರವಿರಬೇಕೆಂದೂ, ಹಳೆಯ ಪುಸ್ತಕಗಳನ್ನು ವಿಶೇಷ ಎಚ್ಚರಿಕೆಯಿಂದ ಕಾಪಾಡಬೇಕೆಂದೂ ಹೇಳುತ್ತದೆ. 1997ರ ಫೆಬ್ರವರಿಯಲ್ಲಿ ವ್ಯಾಟಿಕನ್ನಿನಿಂದ ಧರ್ಮಸಭೆಯ ಪತ್ರಾಗಾರಗಳ ವಿಷಯದಲ್ಲಿಯೇ ಒಂದು ಸುತ್ತೋಲೆ ಹೊರಟಿತು. ಜಗದ್ಗುರು ಹದಿಮೂರನೆಯ ಲಿಯೋ ಅವರು 1881ರಲ್ಲಿ ವ್ಯಾಟಿಕನ್ ಪತ್ರಾಗಾರವನ್ನು ವಿದ್ವಾಂಸರಿಗೆ ತೆರೆದಿದ್ದರು. ಆದೇಶಗಳಿಗೇನೂ ಕೊರತೆಯಿಲ್ಲ.

ಕೊರತೆ ಎಲ್ಲಿದೆಯೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬೇಡ; ಹಳೆಯದೊಂದು ಧರ್ಮಕೇಂದ್ರ. ತಮ್ಮ ಅಜ್ಜಿಯ ಜ್ಞಾನಸ್ನಾನದ ದಾಖಲೆ ಹುಡುಕಿಕೊಂಡು ಬಂದ ಕುಟುಂಬವೊಂದರ ಜೊತೆ ನಾನೂ ಹೋಗಿದ್ದೆ. ಗುರುಗಳು ಆದರದಿಂದಲೇ ಬೀರು ತೆಗೆದರು. ದಪ್ಪ ರಟ್ಟಿನ ಪುಸ್ತಕ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ತೆರೆದರೆ ಒಳಗೆ ಗೆದ್ದಲು ಹಾದಿ ಮಾಡಿಕೊಂಡು ಹೋಗಿತ್ತು. ಬೇಕಾದ ವರ್ಷದ ಪುಟದಲ್ಲಿ ಉಳಿದದ್ದು ಅಂಚು ಮಾತ್ರ. ಅದರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗುರುಗಳ ಸಹಿ, ಅದರ ಪಕ್ಕದಲ್ಲಿ ಜ್ಞಾನತಾಯಿಯ ಹೆಸರಿನ ಅರ್ಧ. ಮಗುವಿನ ಹೆಸರಿದ್ದ ಸ್ಥಳದಲ್ಲಿ ತೂತು. ಬಂದವರಲ್ಲಿ ಹಿರಿಯಾಕೆ ಆ ಪುಟವನ್ನು ಕೈಯಲ್ಲಿ ಸವರಿ, “ಅವ್ವನ ಹೆಸರೇ ಇಲ್ವಲ್ಲ ಸ್ವಾಮಿ” ಎಂದರು. ಗುರುಗಳು ತಲೆತಗ್ಗಿಸಿದರು, ತಪ್ಪು ಅವರದ್ದಲ್ಲ, ಅವರು ಬಂದು ಎರಡು ವರ್ಷವೂ ಆಗಿರಲಿಲ್ಲ.

ಒಂದು ಪುಟದಲ್ಲಿ ಏನೇನಿರುತ್ತದೆಯೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಊರು. ಅಂಚಿನಲ್ಲಿ ಮುಂದೆ ನಡೆದ ದೃಢೀಕರಣ, ವಿವಾಹಗಳ ಟಿಪ್ಪಣಿ. ಇಂತಹ ನೂರು ಪುಟಗಳನ್ನು ಕ್ರಮವಾಗಿ ಓದಿದರೆ ಒಂದು ಸೀಮೆಯ ಬದುಕು ಎದ್ದು ಬರುತ್ತದೆ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಭಾಗ ಜನ ಅಳಿದರು. ಆ ವರ್ಷಗಳ ಮರಣ ದಾಖಲೆ ಉಳಿದಿರುವ ಚರ್ಚು ಸಂಖ್ಯೆಯ ಹಿಂದಿನ ಹೆಸರುಗಳನ್ನು ಹೇಳಬಲ್ಲದು. 1898ರ ಪ್ಲೇಗು, 1918ರ ಜ್ವರ, ಎಲ್ಲವೂ ಅಷ್ಟೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ತೊಡಗಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೂಲಿಗೆ, ನೌಕರಿಗೆ ಯಾರು ಎಲ್ಲಿಂದ ಬಂದು ಇಲ್ಲಿ ನೆಲೆಸಿದರು ಎಂಬುದನ್ನು ಕಂಪನಿಯ ವರದಿಗಿಂತ ಜ್ಞಾನತಂದೆಯ ಊರಿನ ಹೆಸರು ಸ್ಪಷ್ಟವಾಗಿ ಹೇಳುತ್ತದೆ. ರಾಜರ ಶಾಸನದಲ್ಲಿ ಕೂಲಿಯವಳ ಹೆಸರಿಲ್ಲ. ಚರ್ಚಿನ ದಫ್ತರದಲ್ಲಿ ಇದೆ.

ಹಳೆಯ ಪುಸ್ತಕಗಳನ್ನು ಧರ್ಮಾಧ್ಯಕ್ಷರ ಕಾರ್ಯಾಲಯದ ಪತ್ರಾಗಾರಕ್ಕೆ ಒಪ್ಪಿಸಬೇಕೇ, ಊರಿನಲ್ಲಿಯೇ ಇಟ್ಟುಕೊಳ್ಳಬೇಕೇ ಎಂಬ ವಿಷಯದಲ್ಲಿ ಹಿರಿಯರಲ್ಲಿ ಎರಡು ಮತಗಳಿವೆ. “ನಮ್ಮ ಊರಿನದು ನಮ್ಮಲ್ಲಿರಲಿ” ಎಂಬವರ ಮನಸ್ಸು ನನಗೆ ಅರ್ಥವಾಗುತ್ತದೆ. ಆತಗೂರಿನ ಮಕ್ಕಳು ತಮ್ಮೂರಿನ ಕಲ್ಲನ್ನು ನೋಡಬೇಕಾದರೆ ಬೆಂಗಳೂರಿನ ಬಸ್ಸು ಹತ್ತಬೇಕು. ಇದು ನೋವಿನ ಸಂಗತಿಯೇ. ಆದರೆ ಊರಿನಲ್ಲಿಯೇ ಉಳಿದು ಬಟ್ಟೆ ಒಗೆಯುವ ಕಲ್ಲಾದ ವೀರಗಲ್ಲುಗಳೂ, ಮೋರಿಗೆ ಹಾಸಾದ ಶಾಸನಗಳೂ ಉಂಟು. ನನ್ನ ಮತ ಇಷ್ಟು: ಮೊದಲು ಪ್ರತಿ ಪುಟದ ಛಾಯಾಚಿತ್ರ ತೆಗೆದಿಡಬೇಕು, ಜೀರ್ಣವಾದ ಮೂಲಪುಸ್ತಕ ಧರ್ಮಕ್ಷೇತ್ರದ ಪತ್ರಾಗಾರಕ್ಕೆ ಹೋಗಲಿ, ಪ್ರತಿ ಊರಿನಲ್ಲಿರಲಿ. ಬೀರುವಿನಲ್ಲಿ ಏನೇನಿದೆಯೆಂಬ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಮಾಡಿ ಒಂದನ್ನು ಧರ್ಮಕ್ಷೇತ್ರಕ್ಕೆ ಕಳುಹಿಸಬೇಕೆಂದು ಕಾನೂನಿನ 491ನೆಯ ವಿಧಿಯೇ ಹೇಳುತ್ತದೆ. ಇದಕ್ಕೆ ಬೇಕಾದುದು ಹಣವಲ್ಲ. ಗುರುಗಳ ಅಪ್ಪಣೆ, ಒಬ್ಬ ಉಪದೇಶಿ, ಕಾಲೇಜಿನಲ್ಲಿ ಓದುವ ಇಬ್ಬರು ಯುವಕರು, ಕೆಲವು ಭಾನುವಾರಗಳ ಮಧ್ಯಾಹ್ನ. ಅಪ್ಪಣೆಯ ಮಾತನ್ನು ಒತ್ತಿ ಹೇಳುತ್ತೇನೆ. ದತ್ತು ಪಡೆದ ಮಗು, ತಂದೆಯ ಹೆಸರು ಬರೆಯದ ಮಗು, ಇಂತಹ ಗುಟ್ಟುಗಳೂ ಆ ಪುಟಗಳಲ್ಲಿರುತ್ತವೆ. ಅವು ಬೀದಿಯ ಮಾತಾಗಬಾರದು.

ಪುಟ ಹರಿದಿದೆಯೆಂದು ಅಂಟುಪಟ್ಟಿ ಹಚ್ಚಬಾರದು; ಕೆಲವೇ ವರ್ಷಗಳಲ್ಲಿ ಅದರ ಅಂಟು ಕಾಗದವನ್ನು ಹಳದಿಗೊಳಿಸಿ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸುವಂತಿಲ್ಲ. ಪುಸ್ತಕವನ್ನು ನೆಲಕ್ಕೂ ಗೋಡೆಗೂ ತಾಗದಂತೆ, ಗಾಳಿಯಾಡುವ ಕಡೆ ಕಬ್ಬಿಣದ ಬೀರುವಿನಲ್ಲಿಟ್ಟು, ಮಳೆಗಾಲ ಕಳೆದ ಮೇಲೆ ಒಮ್ಮೆ ತೆರೆದು ನೋಡಿದರೆ ಗೆದ್ದಲಿಗೆ ಅಷ್ಟು ಸುಲಭವಾಗಿ ದಾರಿ ಸಿಗದು. ಮನೆಗಳಲ್ಲಿರುವ ಮದುವೆಯ ಹಳೆಯ ಚಿತ್ರಗಳ ಹಿಂದೆ ಯಾರು ಯಾರೆಂದು ಪೆನ್ಸಿಲಿನಲ್ಲಿ ಬರೆದಿಡುವ ಕೆಲಸವನ್ನು ಅಜ್ಜ ಅಜ್ಜಿಯರು ಇರುವಾಗಲೇ ಮಾಡಬೇಕು.

ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮುಂಚೆ ಎಲ್ಲ ಊರುಗಳಲ್ಲಿಯೂ ಸಮಾಧಿ ಭೂಮಿಯನ್ನು ಸ್ವಚ್ಛಗೊಳಿಸಿ ಗೋರಿಗಳಿಗೆ ಸುಣ್ಣ ಬಳಿಯುತ್ತಾರೆ. ಸುಣ್ಣ ಪದರ ಪದರವಾಗಿ ಕೂತು ಅಕ್ಷರಗಳನ್ನು ಮುಚ್ಚುತ್ತದೆ. ಈ ಸಲ ಕುಂಚವನ್ನು ಅದ್ದುವ ಮೊದಲು, ಬೆಳಗಿನ ಓರೆ ಬಿಸಿಲು ಕಲ್ಲಿನ ಮೇಲೆ ಬೀಳುವ ಹೊತ್ತಿಗೆ ಒಂದು ನೋಟುಪುಸ್ತಕ ಹಿಡಿದು ಹೋಗಿ. ಅಕ್ಷರಗಳು ಆಗ ಚೆನ್ನಾಗಿ ಕಾಣುತ್ತವೆ. ಹೆಸರು, ಇಸವಿ, ಊರು ಇದ್ದಂತೆಯೇ, ತಪ್ಪಿದ್ದರೆ ತಪ್ಪನ್ನೂ ತಿದ್ದದೆ ಬರೆದುಕೊಂಡು, ಒಂದು ಪ್ರತಿಯನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಕೈಗೆ ಕೊಡಿ.