ಮೇಲೆ ಥಳಕು, ಒಳಗೆ ಹುಳುಕು

ಕೊತ್ತತ್ತಿಯಂಥ ಕಾವೇರಿ ಸೀಮೆಯ ಊರಿನವರಿಗೆ ಹರಿಗೋಲು ಹೊಸದಲ್ಲ. ಅದರ ಬಿದಿರಿನ ಹೆಣಿಗೆ ಕಣ್ಣೆದುರಿಗೇ ಇರುತ್ತದೆ. ಕೆಟ್ಟರೆ ಒಡನೆ ತಿಳಿಯುತ್ತದೆ. ಕರಾವಳಿಯ ಮಲ್ಪೆ, ಮಂಗಳೂರುಗಳಲ್ಲಿ ಮೀನುಗಾರರು ಬಳಸುವ ಫೈಬರ್ ದೋಣಿಯ ಸಂಗತಿ ಬೇರೆ. ಗಾಜಿನ ಎಳೆಗಳನ್ನು ರಾಳದಲ್ಲಿ ತೋಯಿಸಿ ಪದರಪದರವಾಗಿ ಕಟ್ಟಿದ ಅದರ ಒಡಲು ಕೊಳೆಯದು. ಆದರೆ ಇಂಥ ಎಷ್ಟೋ ದೋಣಿಗಳಲ್ಲಿ, ಯಂತ್ರವನ್ನು ತೂಗುಹಾಕುವ ಹಿಂಬದಿಗೆ ಬಲ ಬರಲೆಂದು ಪದರಗಳ ನಡುವೆ ಮರವನ್ನು ಹುದುಗಿಸಿರುತ್ತಾರೆ. ಕೇಡು ಹುಟ್ಟುವುದು ಅಲ್ಲಿಯೇ.

ನೀರು ಸೋಕಿದ ಮಾತ್ರಕ್ಕೆ ಮರ ಕೊಳೆಯುವುದೇ? ಇಲ್ಲ. ಮರವನ್ನು ತಿನ್ನುವುದು ಬೂಷ್ಟಿನ ಜಾತಿಯ ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ತಿರುಪುಮೊಳೆಯ ತೂತಿನಿಂದ ಒಳಸೇರಿದ ನೀರು ಹೊರಬರಲಾರದೆ ನಿಂತಾಗ ಎರಡೂ ಅದಕ್ಕೆ ದೊರೆಯುತ್ತವೆ. ಮರದ ತೇವ ನೂರಕ್ಕೆ 20ಕ್ಕಿಂತ ಕಡಮೆಯಿದ್ದರೆ ಅದರ ಆಟ ನಡೆಯದು.

ಆದಕಾರಣ, ಹಳೆಯ ದೋಣಿಗೆ ಬಣ್ಣ ಬಳಿದು ಸುಮ್ಮನಾಗಬೇಡಿ. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಮರ ಟಣ್ಣೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಮೂಗುಬಾಯಿಗೆ ಧೂಳು ತಡೆಯುವ ಮುಸುಕು ಧರಿಸಿ, ಒಳಪದರವನ್ನು ಕೊಯ್ದು ತೆಗೆಯಿರಿ. ಒಣಗಿದ ಗಟ್ಟಿ ಮರ ಸಿಗುವವರೆಗೂ ಕೊಳೆತದ್ದನ್ನು ಕೆರೆದುಹಾಕಿ. ಒಡಲು ಪೂರ್ತಿ ಒಣಗಲಿ. ಬಳಿಕ ಹೊಸ ಮೆರೈನ್ ಪ್ಲೈವುಡ್ಡಿನ ಅಂಚುಗಳಿಗೆಲ್ಲ ಎಪಾಕ್ಸಿ ರಾಳ ಕುಡಿಸಿ, ಅಂಟಿಸಿ, ಅದರ ಮೇಲೆ ಗಾಜಿನ ಬಟ್ಟೆಯನ್ನು ರಾಳದೊಡನೆ ಹೊದಿಸಿ. ಮುಂದೆ ಕೊರೆಯುವ ಒಂದೊಂದು ತೂತಿನ ಒಳಮೈಗೂ ರಾಳ ಬಳಿಯಿರಿ.

ಹಿಂಬದಿಯ ಮರ ಸೋತರೆ ನಡುನೀರಿನಲ್ಲಿ ಯಂತ್ರವೇ ಕಳಚಿ ಬಿದ್ದೀತು. ಮೊಳೆಯ ತೂತನ್ನು ಮುಚ್ಚುವ ಶ್ರಮ ದೋಣಿಯಲ್ಲಿ ಕುಳಿತವರ ಪ್ರಾಣಕ್ಕಿಂತ ದೊಡ್ಡದಲ್ಲ.