ಗುರಿ ತಪ್ಪೋದು ಕಣ್ಣಿಂದಲ್ಲ, ಬೆರಳಿಂದ

ಯಲ್ಲಮ್ಮನ ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆಯುವ ಅಂಗಡಿ ನೀವೂ ನೋಡೇ ಇರ್ತೀರಿ. ಹೋದ ಭಾರತ ಹುಣ್ಣಿಮೆಗೆ ಸುರೇಬಾನದಿಂದ ಮನೆಮಂದಿಯೆಲ್ಲ ಗುಡ್ಡಕ್ಕೆ ಹೋದಾಗ ನಾನೂ ಹತ್ತು ಗುಂಡು ಹೊಡೆದೆ. ಒಡೆದದ್ದು ಎರಡೇ ಬಲೂನು. “ನಳಿಗೇನ ಸೊಟ್ಟ ಐತಿ” ಅಂತ ಗೊಣಗಿದೆ. ಜಾತ್ರೆ ಬಂದೂಕು, ಅದೂ ಪೂರ್ತಿ ಸುಳ್ಳಲ್ಲ ಬಿಡ್ರಿ. ಪಕ್ಕದಲ್ಲಿದ್ದ ಅಣ್ಣನ ಮಗಳು ನಕ್ಕಳು. “ಕಾಕಾ, ಗುಂಡು ಹಾರೂ ಹೊತ್ತಿಗೆ ಕಣ್ಣ ಮುಚ್ಚಿದ್ರಿ, ಬೆರಳಿಂದ ಜಗ್ಗಿದ್ರಿ.”

ಅವಳು ಧಾರವಾಡದಲ್ಲಿ ಓದುತ್ತ ಹತ್ತು ಮೀಟರ್ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ಅಣ್ಣನದು ಮಗ್ಗದ ದುಡಿಮೆ, ಪಿಸ್ತೂಲು ಸಾಲ ಮಾಡಿ ತಂದದ್ದು. ಹಿಂದಿನ ವರ್ಷ ಒಂದು ಪಂದ್ಯದಲ್ಲಿ ಪೂರಾ ಕೆಟ್ಟು ಬಂದವಳು, “ಮಾರಿಬಿಡ್ರಿ ಅಪ್ಪಾ” ಅಂತ ಅತ್ತಿದ್ದಳು. ಆಗ ಗುರುಗಳು ಅವಳ ಗುರಿಹಾಳೆ ನೋಡಿ ಒಂದೇ ಮಾತು ಹೇಳಿದರಂತೆ: ತಪ್ಪಿದ ಗುಂಡೆಲ್ಲ ಕೆಳಗೆ ಎಡಕ್ಕೆ, ಗಡಿಯಾರದ ಏಳರ ಕಡೆ ಬಿದ್ದಾವೆ, ಬಲಗೈಯವರು ಟ್ರಿಗರ್ ಜಗ್ಗಿದರೆ ಹೀಗೇ ಆಗೋದು.

ಈ ಆಟದಲ್ಲಿ ಹತ್ತರ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿಯಬೇಕು. 75 ನಿಮಿಷದಲ್ಲಿ 60 ಗುಂಡು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರಕ್ಕಾದರೂ ತಡೆಯಬೇಕು ಅನ್ನೋದು ನಿಯಮ. ಕೈ ಎಲ್ಲರದೂ ನಡುಗುತ್ತದೆ, ದೊಡ್ಡ ಆಟಗಾರರದೂ. ಪಿಸ್ತೂಲು ನೆಟ್ಟಗೇ ಇದ್ದು ಕೈ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಐದೇ ಮಿಲಿಮೀಟರ್ ಸರಿಯುತ್ತದೆ. ಹತ್ತು ಅಂಕ ಎಲ್ಲೂ ಹೋಗೋದಿಲ್ಲ. ಆದರೆ ಬೆರಳು ಜಗ್ಗಿ ನಳಿಗೆಯೇ ವಾಲಿತೋ, ಕಥೆ ಬೇರೆ. ಹಿಂದಿನ ಸೈಟಿಗೂ ಮುಂದಿನದಕ್ಕೂ ಸುಮಾರು 35 ಸೆಂಟಿಮೀಟರ್ ಅಂತರ. ಅಲ್ಲಿ ಒಂದೇ ಮಿಲಿಮೀಟರ್ ತಪ್ಪಿದರೆ ಹತ್ತು ಮೀಟರ್ ದೂರದಲ್ಲಿ 28 ಮಿಲಿಮೀಟರ್ ಆಗುತ್ತದೆ. ಗುಂಡು ಏಳರ ವೃತ್ತಕ್ಕೆ ಹೋಗಿ ಕೂಡುತ್ತದೆ.

ಜಗ್ಗೋದು ಯಾಕೆ? ಸೈಟು ಚೆನ್ನಾಗಿ ಕೂತ ಕ್ಷಣದಲ್ಲಿ ಮನಸ್ಸು “ಹಾಂ, ಈಗ!” ಅನ್ನುತ್ತದೆ. ಬೆರಳಿನ ಜೊತೆ ಇಡೀ ಮುಷ್ಟಿ ಬಿಗಿಯುತ್ತದೆ. ಕಲಿತವರು ಹಾಗೆ ಮಾಡೋದಿಲ್ಲ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಇಟ್ಟು, ನೆಟ್ಟಗೆ ಹಿಂದಕ್ಕೆ, ಸ್ವಲ್ಪ ಸ್ವಲ್ಪವೇ ಒತ್ತಡ ಏರಿಸುತ್ತ ಹೋಗುತ್ತಾರೆ. ಗುಂಡು ಯಾವಾಗ ಹಾರಿತು ಅನ್ನೋದು ತಮಗೇ ತಿಳಿಯಬಾರದು. ಹಾರಿದ ಮೇಲೂ ಒಂದೆರಡು ಸೆಕೆಂಡು ಕೈ ಇಳಿಸುವಂತಿಲ್ಲ. ತಡವಾಗಿ ಕೈ ಸೋತರೆ ಹೊಡೆಯದೇ ಇಳಿಸಿಬಿಡಬೇಕು. ಎಲ್ಲಕ್ಕಿಂತ ಕಷ್ಟ ಇದೇ ಅಂತಾಳೆ ಅವಳು. ನನಗೂ ಹಾಗೇ ಅನಿಸುತ್ತದೆ.

ಇದನ್ನು ಗುಂಡಿಲ್ಲದೆ ಮನೆಯಲ್ಲೇ ಕಲಿಯಬಹುದು. ಪಿಸ್ತೂಲು ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಬಿಳಿ ಗೋಡೆಯ ಮುಂದೆ ನಿಲ್ಲೋದು. ಗುರಿ ಇಲ್ಲದ್ದರಿಂದ ಮನಸ್ಸಿಗೆ ಅವಸರ ಇಲ್ಲ. ಕಣ್ಣು ಮುಂದಿನ ಸೈಟಿನ ಮೇಲೆ, ಗಮನ ಬೆರಳಿನ ಮೇಲೆ. ಪಂದ್ಯದ ಪಿಸ್ತೂಲುಗಳಲ್ಲಿ ಇದಕ್ಕೇ ಒಂದು ಏರ್ಪಾಡು ಇರುತ್ತದೆ. ಅಗ್ಗದ ಸ್ಪ್ರಿಂಗ್ ಪಿಸ್ತೂಲನ್ನು ಮಾತ್ರ ಹೀಗೆ ಖಾಲಿ ಹೊಡೆಯಬಾರದು, ಕೆಡುತ್ತದೆ.

ಅವಳು ಅತ್ತ ದಿನ ನಾನು ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಕಥೆ ಹೇಳಿದ್ದೆ. ತಂದೆ ಪಾಪಣ್ಣ ಅವರೂ ಶೂಟರ್. ಮಗ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನಲ್ಲಿ ಮುಖದ ಒಂದು ಬದಿಗೆ ಪಾರ್ಶ್ವವಾಯು ಬಡಿಯಿತು. ಕಣ್ಣಿನ ಮೇಲೇ ನಿಂತ ಆಟದಲ್ಲಿ ಮುಖವೇ ಮಾತು ಕೇಳದಿದ್ದರೆ ಹೇಗಿರಬೇಡ! ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ, 2016ರಲ್ಲಿ ರಿಯೊ ಒಲಿಂಪಿಕ್ಸ್. ಅವಳಿಗೆ ಮಾತ್ರ ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಹೆಚ್ಚು ಇಷ್ಟ, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ ಗೆದ್ದವರು.

ಪಿಸ್ತೂಲು ಮಾರಲಿಲ್ಲ. ಸಾಲ ಇನ್ನೂ ಇದೆ. ರಜೆಗೆ ಬಂದರೆ ರಾತ್ರಿ ಮಗ್ಗದ ಸದ್ದು ನಿಂತ ಮೇಲೆ ಪಡಸಾಲೆ ಗೋಡೆಯ ಮುಂದೆ ಅವಳ ಟಕ್, ಟಕ್ ಶುರು, ದಿನಾ 15 ನಿಮಿಷ. ನಳಿಗೆಯ ತುದಿಯ ಸಪಾಟು ಜಾಗದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು ಒತ್ತುತ್ತಾಳೆ. ನಾಣ್ಯ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಮೊನ್ನೆ ನಾನೂ ಕೇಳಿ ಹಿಡಿದು ನೋಡಿದೆ. ಹತ್ತರಲ್ಲಿ ಏಳು ಸಲ ನಾಣ್ಯ ಮಂಚದ ಕೆಳಗೆ ಉರುಳಿತು. ಅದನ್ನು ಹುಡುಕಿ ಹುಡುಕಿ ನಮ್ಮವ್ವ ಬೈಯ್ಯೋಕೆ ಶುರು ಮಾಡಿದಳು.