ದುಡಿಮೆಯೂ ಹಾಡೂ

ದುಡಿಯುವವನಿಗೆ ಕಲೆಯೇಕೆ ಎಂದು ಕೇಳುವವರುಂಟು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಕಣಗಳು ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿವೆ.

ಯಂತ್ರಗಳು ಬರುವ ಮುನ್ನ ಜೋಳದ ತೆನೆಗಳನ್ನು ಕಣದಲ್ಲಿ ಹರಡಿ, ನಡುವಿನ ಮೇಟಿಯ ಸುತ್ತ ಎತ್ತುಗಳ ಸಾಲನ್ನು ತಿರುಗಿಸಿ ತುಳಿಸುತ್ತಿದ್ದರು. ಇದೇ ಹಂತಿ. ಇರುಳೆಲ್ಲ ಸಾಗುವ ಈ ಕೆಲಸದಲ್ಲಿ ಒಬ್ಬನು ಹಂತಿಯ ಪದವನ್ನು ಎತ್ತಿಕೊಂಡರೆ ಉಳಿದವರು ದನಿಗೂಡಿಸುತ್ತಿದ್ದರು. ನಿದ್ದೆ ದೂರವಾಗುತ್ತಿತ್ತು, ಹೆಜ್ಜೆಗೆ ಲಯ ದೊರೆಯುತ್ತಿತ್ತು, ಒಬ್ಬನ ದಣಿವು ಎಲ್ಲರಲ್ಲಿಯೂ ಹಂಚಿಹೋಗುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳಾದರೋ ಯಾರಲ್ಲಿಯೂ ಆಡಲಾಗದ ಅಳಲನ್ನು ಪದವಾಗಿ ಹಾಡಿಕೊಂಡು ಹಗುರಾಗುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಬಯಲಾಟ: ಹಗಲು ಕೂಲಿ ಮಾಡಿದವನು ಇರುಳು ಕಿರೀಟ ತೊಟ್ಟು ಅರಸನಾಗುವನು.

ಕಚೇರಿಯ ದುಡಿಮೆಗೂ ಈ ಮಾತು ಸಲ್ಲುತ್ತದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಪೊಲೀಸ್ ಇಲಾಖೆಯ ನೌಕರರಾಗಿದ್ದುಕೊಂಡೇ ಬರೆದು ಕನ್ನಡಿಗರನ್ನು ನಗಿಸಿದರು.

ಇಂದು ಕಣಕ್ಕೆ ಯಂತ್ರ ಬಂದಿದೆ, ಕಚೇರಿಗೆ ಗಣಕಯಂತ್ರ ಬಂದಿದೆ. ಮೈದಣಿವು ಕಡಿಮೆಯಾಯಿತು, ಮನದ ದಣಿವು ಉಳಿಯಿತು. ಇದಕ್ಕೆ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ ಬಹುಮಾನ ಹಂಚಿದರೆ ಸಾಲದು. ಸ್ಪರ್ಧೆಯಲ್ಲಿ ಹಾಡುವವರು ನಾಲ್ವರು, ಕೇಳುವವರು ನೂರು ಮಂದಿ. ಹಂತಿಯಲ್ಲಾದರೋ ಬರಿಯ ಕೇಳುಗನೇ ಇರಲಿಲ್ಲ. ವಾರಕ್ಕೊಂದು ಗಂಟೆಯಾದರೂ ನೌಕರರು ಕೂಡಿ ಹಾಡಲು, ಚಿತ್ರ ಬರೆಯಲು, ನಾಟಕ ಓದಲು ಬಿಡುವಿರಲಿ.

ಆದರೆ ಒಂದು ಮಾತನ್ನು ಮರೆಯಲಾಗದು. ಹಾಡು ಕೂಲಿಗೆ ಬದಲಲ್ಲ, ವಿಶ್ರಾಂತಿಗೂ ಬದಲಲ್ಲ. ಹೊಟ್ಟೆ ತುಂಬಿಸದೆ ಹಾಡಿಸುವುದು ಕಲೆಗೂ ದುಡಿಯುವವನಿಗೂ ಬಗೆಯುವ ದ್ರೋಹವೇ ಸರಿ.